ಎಂಜಿನ್ ಕೋಣೆಯ ಕತ್ತಲು

ಸೊಸೆಗೆ ನೀರೆಂದರೆ ಪ್ರಾಣಭಯ. ದೋಣಿ ಹತ್ತುವ ಮಾತು ಹಾಗಿರಲಿ, ಸೇತುವೆ ದಾಟುವಾಗಲೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವವಳಲ್ಲ. ಆದರೂ ಆ ಭಾನುವಾರ ಮಾವನನ್ನು ಕರೆದುಕೊಂಡು ಬಂದರಿನ ಬದಿಯ ಕಡಲ ಕಾವಲು ಪಡೆಯ ಮ್ಯೂಸಿಯಮ್ಮಿಗೆ ಬಂದಿದ್ದಳು. ಗಂಡನಿಗೆ ಕೆಲಸದ ಪಾಳಿ. ಮಾವನದು ವಾರದಿಂದ ಒಂದೇ ಹಟ.

"ನನ್ನ ಹಡಗು ಅಲ್ಲಿ ತಂದು ನಿಲ್ಸಿದಾರಂತೆ. ಒಂದ್ಸಲ ನೋಡ್ಬಿಡ್ತೀನಮ್ಮ."

ಆ ಹಡಗಿನ ಎಂಜಿನ್ ಕೋಣೆಯಲ್ಲೇ ಅವರು ಮೆಕ್ಯಾನಿಕ್ಕಾಗಿ ತಲೆ ನರೆಸಿಕೊಂಡಿದ್ದು.

ಗಾಜಿನ ಪೆಟ್ಟಿಗೆಯೊಳಗಿನ ಸಮವಸ್ತ್ರ, ದುರ್ಬೀನು ಯಾವುದಕ್ಕೂ ಮಾವ ಕಣ್ಣು ಹಾಯಿಸಲಿಲ್ಲ. ಹಿಂಬಾಗಿಲಿನಿಂದ ನೇರ ಹಡಗು ಕಟ್ಟುವ ಧಕ್ಕೆಗೆ ಹೋಗಿ ಹಡಗು ಹತ್ತಿದರು; ವಿಧಿಯಿಲ್ಲದೆ ಇವಳೂ ಹತ್ತಿದಳು. ಕೆಳಗಿಳಿಯುವ ಏಣಿಗೆ ಅಡ್ಡ ಹಗ್ಗ ಕಟ್ಟಿತ್ತು. ಇವಳು "ಮಾವ, ಬೇಡ" ಅನ್ನುವಷ್ಟರಲ್ಲಿ ಅವರ ನರೆತಲೆ ಕೆಳಗೆ ಮರೆಯಾಯಿತು. ಹಗ್ಗದಡಿ ನುಸುಳಿ ಇವಳೂ ಹಿಂದೆಯೇ ಇಳಿದಳು.

ಏಣಿಯ ಬುಡದಲ್ಲಿ ಒಂದು ಓಣಿ, ಓಣಿಯ ಕೊನೆಗೆ ನೀರು ತಡೆಯುವ ದಪ್ಪ ಕಬ್ಬಿಣದ ಬಾಗಿಲು, ಆಚೆಗೆ ಎಂಜಿನ್. ಹಳೇ ಎಣ್ಣೆಯ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಮಾವ ಎಂಜಿನ್ನಿನ ಮೈ ಸವರುತ್ತಾ, "ಇವಳು ಚಳಿಗಾಲದಲ್ಲಿ ಬಲು ಮುನಿಸು ಮಾಡೋಳು," ಎಂದು ನಕ್ಕರು.

ಅಷ್ಟರಲ್ಲಿ ಮೇಲೆ ಏನೋ ದಡಾರನೆ ಬಿತ್ತು. ದೀಪಗಳೆಲ್ಲ ಆರಿಹೋದವು. ಕೆಳಗೆ ಯಾರೂ ಇಲ್ಲವೆಂದುಕೊಂಡ ಕಾವಲುಗಾರ ಏಣಿಯ ಮುಚ್ಚಳ ಹಾಕಿ, ಸ್ವಿಚ್ ಆರಿಸಿ ಊಟಕ್ಕೆ ಹೋಗಿದ್ದ. ಹೊರಗೆ ಯಾವುದೋ ದೊಡ್ಡ ಹಡಗು ಹಾದಿರಬೇಕು, ಕಾಲಡಿಯ ತಗಡು ವಾಲಿತು. ಅದರ ಕೆಳಗೆ ನೀರು ಗುಳುಗುಳು ಅಂದಿತು.

"ನೀರು ನುಗ್ತಿದೆ," ಎಂದರು ಮಾವ. ಆ ದನಿ ಮನೆಯಲ್ಲಿ ಕೇಳಿದ್ದಲ್ಲ. "ಬಾಗಿಲು ಹಾಕು. ಬೇಗ."

"ಮಾವ, ನಾನು. ನಿಮ್ಮ ಸೊಸೆ."

ಕಬ್ಬಿಣ ಕಿರ್ರೆಂದಿತು. ಅವರು ಬಾಗಿಲನ್ನು ಎಳೆಯುತ್ತಿದ್ದರು. ಅದು ಒಮ್ಮೆ ಮುಚ್ಚಿತೆಂದರೆ ತನ್ನಿಂದ ತೆರೆಯಲಾಗದು, ಕೂಗಿದರೂ ಮೇಲೆ ಕೇಳಿಸದು ಎಂಬುದು ಅವಳಿಗೆ ಹೊಳೆಯಿತು. ತಡವರಿಸಿ ಹೋಗಿ ಅವರ ಕೈ ಹಿಡಿದಳು. ನೀರಿನ ಲೋಟ ಎತ್ತಲೂ ನಡುಗುವ ಆ ಕೈ ಈಗ ಕಲ್ಲು. ಒಂದೇ ನೂಕಿಗೆ ಅವಳು ಗೋಡೆಗೆ ಬಡಿದಳು. ಮಾವ ಈಗ ಇರುವುದು ಹಳೇ ಕೆಲಸದ ದಿನಗಳಲ್ಲಿ ಎಂದು ಅವಳಿಗೆ ತಿಳಿಯಿತು.

ಆಮೇಲೆ ಅದೆಲ್ಲಿಂದ ಬುದ್ಧಿ ಬಂತೋ, ದನಿ ಗಡುಸು ಮಾಡಿಕೊಂಡು ಹೇಳಿದಳು: "ಕ್ಯಾಪ್ಟನ್ ಹೇಳಿ ಕಳಿಸಿದಾರೆ. ಎಲ್ಲರೂ ಮೇಲೆ ಬರಬೇಕಂತೆ. ಈಗ್ಲೇ."

ಕಿರ್ರೆನ್ನುವುದು ನಿಂತಿತು.

"ಹುಡುಗರೆಲ್ಲ ಹೋದ್ರಾ?"

"ಎಲ್ರೂ ಹೋದ್ರು. ನಾವಿಬ್ರೇ ಉಳಿದಿರೋದು."

"ಹಾಗಾದ್ರೆ ನೀನು ಮುಂದೆ ನಡಿ. ನಾನು ಕೊನೆಗೆ."

ಅವರನ್ನು ಹಿಂದೆ ಬಿಟ್ಟರೆ ಮತ್ತೆ ಬಾಗಿಲಿಗೆ ಹೋದಾರೆಂಬ ದಿಗಿಲು. ತನ್ನ ಚೀಲದ ಪಟ್ಟಿಯನ್ನು ಅವರ ಕೈಗೆ ಕೊಟ್ಟು, "ಇದನ್ನ ಬಿಡಬೇಡಿ, ಇದೂ ಕ್ಯಾಪ್ಟನ್ ಅಪ್ಪಣೆ," ಎಂದಳು. ಗೋಡೆ ತಡಕುತ್ತಾ, ಪಟ್ಟಿ ಬಿಗಿಯಾಗಿದೆಯೇ ಎಂದು ಮತ್ತೆಮತ್ತೆ ಎಳೆದು ನೋಡುತ್ತಾ ಏಣಿ ಹತ್ತಿದಳು. ಮುಚ್ಚಳ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಚಪ್ಪಲಿ ಕಳಚಿ ಬಡಿದಳು, ತೋಳು ಸೋಲುವವರೆಗೂ ಬಡಿದಳು. ಕೊನೆಗೆ ಟಿಕೆಟ್ ಕೊಡುವ ಹೆಂಗಸು ಓಡಿ ಬಂದು ಮುಚ್ಚಳ ಎತ್ತಿದಾಗ ಬೆಳಕು ಕಣ್ಣಿಗೆ ಚುಚ್ಚಿತು.

ಧಕ್ಕೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಆ ಹೆಂಗಸು ಕಾವಲುಗಾರನನ್ನು ಬಯ್ಯುತ್ತಾ ನೀರು ತಂದುಕೊಟ್ಟಳು. ಮಾವ ಸೊಸೆಯ ಕಡೆ ತಿರುಗಿದರು.

"ನಿನ್ನ ತಳ್ಳಿದ್ನಾ?"

"ಪರವಾಗಿಲ್ಲ ಬಿಡಿ."

"ಮನೇಲೂ ಎರಡು ಸಲ ಹೀಗಾಯ್ತಮ್ಮ. ಬಚ್ಚಲಲ್ಲಿ ನಲ್ಲಿ ಸದ್ದು ಕೇಳ್ತಿದ್ದ ಹಾಗೆ ಎಲ್ಲಿದೀನಿ ಅಂತಾನೇ ಗೊತ್ತಾಗ್ಲಿಲ್ಲ. ಅದಕ್ಕೇ ಈಗ ಬಾಗಿಲು ಚಿಲಕ ಹಾಕಲ್ಲ." ಅವರ ಕಣ್ಣಲ್ಲಿದ್ದ ಹೆದರಿಕೆಯನ್ನು ಅವಳು ಅದುವರೆಗೆ ಕಂಡಿರಲಿಲ್ಲ. "ನನ್ನ ಮಗನಿಗೆ ಹೇಳಬೇಡ."

"ಹೇಳ್ತೀನಿ ಮಾವ. ನಿಮ್ಮ ಎದುರಿಗೇ ಹೇಳ್ತೀನಿ. ಡಾಕ್ಟರ ಹತ್ರ ನಾನೂ ಬರ್ತೀನಿ."

ಮಾವ ಅವಳ ಚೀಲದ ಪಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಎದ್ದು, ಬಸ್ ನಿಲ್ದಾಣ ಯಾವ ಕಡೆ ಎಂದು ಕೇಳಿದರು.