ಮೂರು ಸಲ ಓಟ, ಆಮೇಲೆ ಒದೆತ

ಸೋಮವಾರ ಸಂಜೆ ಆರಕ್ಕೆ ಆರ್ಲಿಸ್ ಅಡುಗೆಮನೆಯ ರೇಡಿಯೋ ಹಾಕಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಊರಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ಜೊತೆ ಜನ ನೇರವಾಗಿ ಮಾತಾಡುವ ಕಾರ್ಯಕ್ರಮ ಅದು. ಕೋಚ್ ಲೈಲ್ ಅವಳ ಮಗ. ಹನ್ನೊಂದು ವರ್ಷದಿಂದ ಒಂದು ವಾರವೂ ತಪ್ಪಿಸದೆ ಕೇಳುತ್ತ ಬಂದವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

ಶನಿವಾರದ ಸೋಲು ಅವಳಿಗೆ ಇನ್ನೂ ಅರಗಿರಲಿಲ್ಲ. ನಾಲ್ಕು ನಿಮಿಷ ಉಳಿದಿತ್ತು, ನಾಲ್ಕು ಅಂಕ ಹಿಂದಿದ್ದರು. ನಾಲ್ಕು ಯತ್ನದೊಳಗೆ ಹತ್ತು ಗಜ ಸಾಗಿದ್ದರೆ ಚೆಂಡು ತಮ್ಮಲ್ಲೇ ಉಳಿಯುತ್ತಿತ್ತು. ಲೈಲ್ ಮೂರು ಸಲವೂ ಚೆಂಡನ್ನು ಮುಂದಕ್ಕೆ ಎಸೆಸದೆ, ಓಟಗಾರನ ಕೈಗೆ ಕೊಡಿಸಿ ಎದುರಾಳಿಗಳ ನಟ್ಟನಡುವೆ ನುಗ್ಗಿಸಿದ. ಎರಡು ಗಜ, ಒಂದು ಗಜ, ಮತ್ತೆ ಒಂದು. ನಾಲ್ಕನೆಯದಕ್ಕೆ ಚೆಂಡನ್ನು ಒದ್ದು ಅವರಿಗೇ ಒಪ್ಪಿಸಿದ. ಅವರು ಅದನ್ನು ಕೊನೆಯವರೆಗೂ ಬಿಡಲಿಲ್ಲ.

ಮೊದಲು ಫೋನ್ ಮಾಡಿದವನು ನೇರವಾಗಿಯೇ ಚುಚ್ಚಿದ. “ಕೋಚ್, ನಿಮ್ಮ ಆಟಕ್ಕೆ ನಾನು ಬರೋದೇ ಬೇಡ. ಮುಂದೇನು ಅಂತ ಮನೇಲೇ ಕೂತು ಹೇಳ್ಬಿಡ್ತೀನಿ.”

ಅವನ ಹಿಂದೆಯೇ ಒಬ್ಬ ಮುದುಕನ ಕರೆ ಬಂತು. “ಅವರ ಮಾತು ಬಿಡಿ ಕೋಚ್. ಅಯೋವಾದ ನವೆಂಬರ್ ಗಾಳೀಲಿ ಎಸೆಯೋಕೆ ಹೋಗಿ ಕೈ ಸುಟ್ಕೊಂಡೋರನ್ನ ಬೇಕಾದಷ್ಟು ನೋಡಿದೀನಿ. ನೆಲ ಹಿಡ್ದು ಹೋಗೋನೇ ಜಾಣ.”

ಮೂರನೆಯ ಕರೆ ಆರ್ಲಿಸ್‌ಳದು. ಹೆಸರು ಕೇಳಿದಾಗ ಪಕ್ಕದ ಮನೆಯವಳದನ್ನು ಹೇಳಿದಳು. “ನಾನು ಬೆವರ್ಲಿ,” ಎಂದು ದನಿಯನ್ನು ಸ್ವಲ್ಪ ದಪ್ಪ ಮಾಡಿಕೊಂಡಳು. “ಓಡೋದು ತಪ್ಪಲ್ಲ. ಆದ್ರೆ ಇವ್ರು ಎಸೆದ್ರೂ ಎಸೀಬಹುದು ಅನ್ನೋ ಅಳುಕು ಅವ್ರಿಗೆ ಇರ್ಬೇಕಲ್ವಾ? ಬೇಲೀಲಿ ಒಂದೇ ಕಂಡಿ ಇದ್ರೆ ನಾಯಿ ಅಲ್ಲೇ ಬಂದು ಕೂರತ್ತೆ.”



“ಎಸೆದ್ರೆ ನಮ್ಮೋನು ಹಿಡೀಬಹುದು, ಅವ್ರೋನು ಹಿಡೀಬಹುದು, ನೆಲಕ್ಕೂ ಬೀಳ್ಬಹುದು ಮೇಡಂ,” ಎಂದ ಲೈಲ್. “ಮೂರರಲ್ಲಿ ಎರಡು ನಮಗೆ ಕೆಟ್ಟದ್ದೇ.”

“ಹಾಗಂತ ಒಳ್ಳೇ ಒಂದನ್ನ ಮರೆತೇಬಿಡೋದಾ?”

“ಆಗ್ಲಿ ಬೆವರ್ಲಿಯವ್ರೇ. ಭಾನುವಾರ ಊಟಕ್ಕೇನು ಮಾಡ್ತಿದೀರಿ?”

“ಹಂದಿ ಚಾಪ್ಸ್,” ಎಂದುಬಿಟ್ಟಳು ಆರ್ಲಿಸ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟಳು.

ಆ ಶನಿವಾರ ತಂಡಕ್ಕೆ ಬಿಡುವು. ಭಾನುವಾರ ಚರ್ಚ್ ಮುಗಿಸಿಕೊಂಡು ಲೈಲ್ ಎಂದಿನಂತೆ ಅಮ್ಮನ ಮನೆಗೆ ಊಟಕ್ಕೆ ಬಂದ.

“ಬೆವರ್ಲಿಗೆ ಗೊತ್ತಾಯ್ತಾ ಅಮ್ಮ?”

“ಇಡೀ ಊರಿಗೇ ಗೊತ್ತಾಗಿದೆ. ಅವಳು ಎರಡು ದಿನ ಮುಖ ಕೊಟ್ಟು ಮಾತಾಡ್ಲಿಲ್ಲ. ಕೂತ್ಕೋ.”

ಆಲೂಗಡ್ಡೆ ಬಡಿಸಿಕೊಳ್ಳುತ್ತ ಅವನು ತನ್ನ ಕಾರಣಗಳನ್ನು ಹೇಳಿದ. ಗಾಳಿ ಬಹಳ. ಎಸೆಯುವ ಹುಡುಗ ಇನ್ನೂ ಹೊಸಬ. ಓಡುತ್ತಿದ್ದರೆ ತಮ್ಮ ರಕ್ಷಣೆಯವರಿಗೆ ದಣಿವಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಆರ್ಲಿಸ್ ಎಲ್ಲಕ್ಕೂ ತಲೆಯಾಡಿಸಿದಳು.

“ಎಲ್ಲಾ ಸರಿ ಕಣೋ. ಆದ್ರೆ ಸೆಪ್ಟೆಂಬರ್ ಶುರೂನಲ್ಲಿ ಎಸೀತಿದ್ರಲ್ಲ? ಹುಡುಗ ಆಗ ಇನ್ನಷ್ಟು ಹೊಸಬ.”

ಲೈಲ್ ಮಾಂಸವನ್ನು ಬೇಕಾದ್ದಕ್ಕಿಂತ ಸಣ್ಣದಾಗಿ ಕತ್ತರಿಸುತ್ತ ಕುಳಿತ. ಆಮೇಲೆ ಕೀಗನ್ ವಿಷಯ ತೆಗೆದ. ಕೀಗನ್ ಮೈದಾನದ ಅಂಚಿನಲ್ಲಿ ಓಡಿ ಚೆಂಡು ಹಿಡಿಯುವ ಆಟಗಾರ. ಮೂರನೆಯ ಪಂದ್ಯದ ಕೊನೇ ಗಳಿಗೆಯಲ್ಲಿ, ಗೆಲುವಿನ ಗೆರೆಯ ಮೇಲೆ, ಅವನ ಎರಡು ಕೈಗಳ ನಡುವಿನಿಂದ ಚೆಂಡು ಜಾರಿತ್ತು. ಅದು ಆರ್ಲಿಸ್‌ಗೂ ನೆನಪಿತ್ತು. ಆಮೇಲಿನದು ಗೊತ್ತಿರಲಿಲ್ಲ. ಜನ ಅವನ ಫೋನಿಗೆ ಬಾಯಿಗೆ ಬಂದದ್ದನ್ನೆಲ್ಲ ಬರೆದಿದ್ದರು. ಒಬ್ಬ ಅವನ ತಾಯಿಗೂ ಬರೆದಿದ್ದ. ಮಾರನೆಯ ದಿನ ಹುಡುಗ ಕೋಚ್ ಕೋಣೆಗೆ ಬಂದು ಟೋಪಿ ತಿರುವುತ್ತ ನಿಂತುಬಿಟ್ಟಿದ್ದ.

“ಹತ್ತೊಂಬತ್ತು ವರ್ಷ ಅಮ್ಮ ಅವನಿಗೆ. ನಾನು ಓಡಿಸ್ತಾ ಇದ್ರೆ ಬೈಗುಳ ನನಗೆ ಬರತ್ತೆ. ಬರ್ಲಿ.”

ಮಗ ಹೆದರಿದ್ದಾನೆ ಅಥವಾ ಹಟ ಹಿಡಿದಿದ್ದಾನೆ ಎಂದೇ ಆರ್ಲಿಸ್ ತಿಳಿದಿದ್ದಳು. ಅವಳ ಸಿಟ್ಟು ಅಲ್ಲಿಗೆ ಇಳಿಯಿತು. ಅಭಿಪ್ರಾಯ ಮಾತ್ರ ಇಳಿಯಲಿಲ್ಲ.

“ನಂಗೆ ಎಸೀಬೇಡಿ ಅಂತ ಅವನು ಕೇಳಿದ್ನಾ?”

“ಇಲ್ಲ.”

“ಆರು ಶನಿವಾರದಿಂದ ನೋಡ್ತಿದೀನಿ. ಅವ್ನು ಅಂಚಿನವರೆಗೂ ಓಡಿಹೋಗಿ ತಿರುಗಿ ನೋಡ್ತಾನೆ. ಚೆಂಡು ಬರಲ್ಲ. ಆ ಜನ ಒಂದು ಸಲ ಬರೆದು ಸುಮ್ನಾದ್ರು ಲೈಲ್. ನೀನು ವಾರವಾರ ಅದನ್ನೇ ಹೇಳ್ತಿದೀಯ.”

ಲೈಲ್ ಇನ್ನೊಂದು ಚಾಪ್ ಹಾಕಿಸಿಕೊಂಡು ತಿಂದು, ತಟ್ಟೆಗಳನ್ನು ತೊಳೆದಿಟ್ಟು ಹೊರಟುಹೋದ.

ಮುಂದಿನ ಶನಿವಾರ ಬಾವುಟಗಳು ಹರಿದುಹೋಗುವಂಥ ಗಾಳಿ. ಬೆವರ್ಲಿ ಮತ್ತು ಆರ್ಲಿಸ್ ಒಂದೇ ಕಂಬಳಿಯನ್ನು ಮೊಣಕಾಲಿಗೆ ಹೊದ್ದು ಕುಳಿತಿದ್ದರು. ಅರ್ಧ ಆಟ ಬರೀ ಓಟದಲ್ಲೇ ಕಳೆಯಿತು. “ನಿನ್ನ ಮಗ ಬದಲಾಗೋನಲ್ಲ ಬಿಡು,” ಎಂದಳು ಬೆವರ್ಲಿ.

ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ಚೆಂಡು ಗಾಳಿಗೆ ಏರಿತು. ಕೀಗನ್ ಅದನ್ನು ಎದೆಗೆ ಅವುಚಿಕೊಂಡು ಬಿದ್ದ. ಎಂಟು ಗಜ. ಎರಡನೆಯ ಸಲ ಬಂದದ್ದು ಅವನ ಬೆರಳು ತಾಗಿ ನೆಲಕ್ಕೆ ಬಿತ್ತು. ಇಡೀ ಮೈದಾನ ನರಳಿತು. ಆರ್ಲಿಸ್ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮುಂದಿನ ಯತ್ನದಲ್ಲೇ ಮತ್ತೆ ಅವನಿಗೇ ಎಸೆದರು. ಈ ಸಲ ಹಿಡಿದ.

ಅಲ್ಲಿಂದ ಎದುರಾಳಿಗಳು ಎಸೆತ ಕಾಯಲು ನಡುವಿನಿಂದ ಇಬ್ಬರನ್ನು ಹಿಂದಕ್ಕೆ ನಿಲ್ಲಿಸಬೇಕಾಯಿತು. ಅಷ್ಟು ಸಾಕಾಗಿತ್ತು. ಲೈಲ್ ಮತ್ತೆ ಓಟಕ್ಕೇ ಮರಳಿದ. ಒಂದೊಂದೇ ಗಜ ಸಿಗುತ್ತಿದ್ದ ಕಡೆ ನಾಲ್ಕು, ಐದು ಸಿಕ್ಕಿತು. ಮೂರು ಅಂಕದಿಂದ ಗೆದ್ದರು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ಗೊಣಗಿದರು. “ಓಡಿದ್ರೇ ಗೆಲ್ತಿದ್ವಿ. ಈ ಗಾಳೀಲಿ ಎಸೆಯೋ ಹುಚ್ಚು ಯಾಕೆ ಬೇಕಿತ್ತೋ.” ಬೆವರ್ಲಿ ಜಗಳಕ್ಕೆ ತಿರುಗಿದಳು. ಆರ್ಲಿಸ್ ಅವಳ ತೋಳು ಹಿಡಿದು ಮುಂದಕ್ಕೆ ನಡೆಸಿದಳು.

ಬೇಲಿಯ ಹತ್ತಿರ ಲೈಲ್ ಸಿಕ್ಕಿದ. ಚಳಿಗೆ ಮೂಗು ಕೆಂಪಾಗಿತ್ತು.

“ಆ ಎರಡನೇ ಎಸೆತ ಕೆಳಗೆ ಬಿದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತಮ್ಮ.”

“ಆದ್ರೂ ಮತ್ತೆ ಎಸೆಸಿದೆಯಲ್ಲ.”

“ಓಡಿಸೋಣ ಅಂತಲೇ ಇದ್ದೆ,” ಎಂದ ಲೈಲ್. “ಕೀಗನ್ನೇ ಓಡಿ ಬಂದು, ಮತ್ತೆ ನಂಗೇ ಎಸೀರಿ ಅಂತ ಕೇಳ್ದ.”