ಚಿತ್ತಪ್ಪನ ಆಣೆ, ಮುದ್ದಕ್ಕನ ಪ್ರಶ್ನೆ

ನಮ್ಮ ಹಟ್ಟಿಯಲ್ಲಿ ಸುಳ್ಳುಗಾರರು ಯಾರೂ ಇಲ್ಲ. ಆದರೆ ಫಾರಂ ಹಿಡಿದು ಬಂದವರಿಗೆ ನಿಜ ಹೇಳುವವರೂ ಯಾರೂ ಇಲ್ಲ. ಕುರಿ ಎಷ್ಟಿವೆ ಎಂದು ಕೇಳಿದರೆ ಇಪ್ಪತ್ತು ಕಡಿಮೆ ಹೇಳುತ್ತಾರೆ. ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ ಎಂದು ಕೇಳಿದರಂತೂ ಇಡೀ ಹಟ್ಟಿ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟದ ಊರಾಗಿಬಿಡುತ್ತದೆ.

ನಾನು ಅನುಸೂಯ. ಬಾಗೂರಿನ ಹತ್ತಿರದ ಈ ಕುರಿ ಸಾಕುವವರ ಹಟ್ಟಿಗೆ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆ. ಈ ಕಥೆಯನ್ನು ಎಲ್ಲರಿಗೂ ಹೇಳು ಎಂದು ಮುದ್ದಕ್ಕನೇ ಅಪ್ಪಣೆ ಕೊಟ್ಟಿದ್ದಾಳೆ. ಇಲ್ಲದಿದ್ದರೆ ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಜಗುಲಿಯಲ್ಲಿ ಆಡುವವಳು ನಾನಲ್ಲ.

ಹೋದ ವರ್ಷ ಕಾವ್ಯಶ್ರೀ ಎಂಬ ಹುಡುಗಿ ನಮ್ಮ ಹಟ್ಟಿಗೆ ಬಂದಳು. ಹಿರೇಗುಂಟನೂರಿನ ರೈತರ ಮಗಳು, ಸಿರಿಗೆರೆಯಲ್ಲಿ ಓದಿದವಳು, ಈಗ ಪಿಎಚ್.ಡಿ. ಮಾಡುತ್ತಿದ್ದಾಳೆ. ಕುಡಿತದಿಂದ ಮನೆಗಳಿಗೆ ಏನಾಗುತ್ತದೆ, ಮನಸ್ಸಿಗೆ ಏನಾಗುತ್ತದೆ, ಬಿಡಬೇಕು ಎನ್ನುವವರಿಗೆ ಸರ್ಕಾರ ಏನು ಮಾಡಿಕೊಟ್ಟರೆ ಉಪಯೋಗ ಎಂಬುದೇ ಅವಳ ಓದು. ಅದಕ್ಕಾಗಿ ಹಳ್ಳಿ ಹಳ್ಳಿ ತಿರುಗಿ, ಮನೆ ಮನೆಯಲ್ಲೂ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದಳು. ದಾರಿ ತೋರಿಸಲು ನಾನು ಜೊತೆಗಿದ್ದೆ.

ಮೊದಲ ದಿನ ಹದಿನಾಲ್ಕು ಮನೆ ಮುಗಿಸಿದೆವು. ಹದಿನಾಲ್ಕೂ ಮನೆಯಲ್ಲಿ ಒಂದೇ ಉತ್ತರ, ಇಲ್ಲ. ಅವಳು ಕೆಳಗೆ ನೋಡಿಕೊಂಡು ಬರೆಯುತ್ತಿದ್ದಳು, ನಾನು ಮೇಲೆ ನೋಡುತ್ತಿದ್ದೆ. ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಮದ್ಯದ ಖಾಲಿ ಪ್ಯಾಕೆಟ್ಟುಗಳು ನನಗೆ ಕಾಣುತ್ತಿದ್ದವು. ಜನರಿಗೆ ಭಯ, ಅಷ್ಟೇ. ಹೆಸರು ಬರೆದುಕೊಂಡು ಪೊಲೀಸರಿಗೆ ಕೊಡುತ್ತಾರೆ, ರೇಷನ್ ಕಾರ್ಡು ರದ್ದಾಗುತ್ತದೆ ಎಂದು ಮೊದಲ ಮನೆಯ ಬೋರಕ್ಕ ಬೆಳಿಗ್ಗೆಯೇ ಎಲ್ಲರ ಕಿವಿಗೆ ಹಾಕಿದ್ದಳು.

ಹದಿನೈದನೆಯದು ಮುದ್ದಕ್ಕನ ಮನೆ. ಗಂಡ ಚಿತ್ತಪ್ಪ ಕುರಿ ಹೊಡೆದುಕೊಂಡು ಹೋಗಿದ್ದ. ಮುದ್ದಕ್ಕ ಜಗುಲಿಯ ಮೇಲೆ ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಕಾವ್ಯಶ್ರೀ ಬಾಯಿ ತೆರೆಯುವ ಮೊದಲೇ, ನಮ್ಮ ಮನೆಯಲ್ಲಿ ಯಾರೂ ಕುಡಿಯಲ್ಲ, ಬರೆದುಕೊ ಎಂದಳು. ನನಗೆ ಸಿಟ್ಟು ಬಂತು. ಚಿತ್ತಪ್ಪ ಕುಡಿಯುವುದು ಹಟ್ಟಿಯ ನಾಯಿಗಳಿಗೂ ಗೊತ್ತು. ಆದರೆ ಫಾರಂ ಅವಳದು, ಮನೆ ಇವಳದು. ಮಧ್ಯೆ ಬಾಯಿ ಹಾಕಲು ನಾನು ಯಾರು?

ಕಾವ್ಯಶ್ರೀ ಫಾರಂ ಮಡಚಿದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆಗಳನ್ನು ಕೇಳುವಂತಿಲ್ಲವಂತೆ. ಆದರೆ ಒಲೆಯ ಮೇಲೆ ಟೀ ಕುದಿಯುತ್ತಿತ್ತು, ಬಂದವರನ್ನು ಹಾಗೇ ಕಳಿಸುವ ಹೆಂಗಸಲ್ಲ ಮುದ್ದಕ್ಕ. ಟೀ ಆಗುವವರೆಗೆ ಹೊತ್ತು ಹೋಗಬೇಕಲ್ಲ, ಇಷ್ಟೊಂದು ಹಾಳೆಯಲ್ಲಿ ಇನ್ನೇನು ಬರೆದಿದೆ, ಓದು ನೋಡೋಣ ಎಂದಳು.

ಕಾವ್ಯಶ್ರೀ ಓದುತ್ತ ಹೋದಳು. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಯಾವಾಗ ಶುರುವಾಯಿತು, ಹೀಗೆ. ಮುದ್ದಕ್ಕ ಉಣ್ಣೆ ಬಿಡಿಸುತ್ತಲೇ ಇದ್ದಳು. ಆಮೇಲೆ ಈ ಪ್ರಶ್ನೆ ಬಂತು: ಒಮ್ಮೆಲೇ ಕುಡಿತ ನಿಲ್ಲಿಸಿದಾಗ ಕೈ ನಡುಗುವುದು, ಬೆವರುವುದು, ಇಲ್ಲದ್ದು ಕಣ್ಣಿಗೆ ಕಾಣುವುದು, ಫಿಟ್ಸ್ ಬರುವುದು ಆಗಿದೆಯೇ?

ಮುದ್ದಕ್ಕನ ಕೈ ನಿಂತಿತು.

"ಇದನ್ನ ನಿನಗೆ ಯಾರು ಹೇಳಿದ್ರು?" ಎಂದು ಕೇಳಿ, ನನ್ನ ಕಡೆ ದುರುಗುಟ್ಟಿ ನೋಡಿದಳು.

ನಾನು ದೇವರಾಣೆ ಹೇಳಿರಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲ.

"ಯಾರೂ ಹೇಳಿಲ್ಲ ಅಕ್ಕ," ಎಂದಳು ಕಾವ್ಯಶ್ರೀ. "ಬಾಳ ಮನೇಲಿ ಹಿಂಗಾಗ್ತೈತೆ. ಅದಕ್ಕೇ ಫಾರಂನಾಗೆ ಹಾಕಿರೋದು."

ಬಹಳ ಮನೆಯಲ್ಲಿ ಹೀಗಾಗುತ್ತದೆ ಎಂಬ ಒಂದು ಮಾತಿಗೆ ಮುದ್ದಕ್ಕ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಎರಡು ವರ್ಷ ಆ ತಾಯಿ, ಲೋಕದಲ್ಲಿ ತನ್ನೊಬ್ಬಳ ಮನೆಯಲ್ಲೇ ಹೀಗಾಗಿದೆ ಎಂದುಕೊಂಡಿದ್ದಳು. ಟೀ ಉಕ್ಕಿ ಒಲೆ ಆರಿತು. ಯಾರೂ ಏಳಲಿಲ್ಲ.

ನಡೆದದ್ದು ಇದು. ಎರಡು ವರ್ಷದ ಹಿಂದೆ ಚಿತ್ತಪ್ಪ ಹಟ್ಟಿಯ ಗುಡಿಯ ಮುಂದೆ ಕರ್ಪೂರ ಹಚ್ಚಿ, ಭಂಡಾರದ ಅರಿಶಿನ ಮುಟ್ಟಿ, ಇನ್ನು ಕುಡಿಯಲ್ಲ ಎಂದು ಆಣೆ ಮಾಡಿದ್ದ. ನಮ್ಮಲ್ಲಿ ಕುಡಿತ ಬಿಡುವ ದಾರಿಯೇ ಅದು. ಆಣೆ ಮಾಡಿದ ಗಳಿಗೆಯಿಂದ ಒಂದು ಹನಿಯೂ ಮುಟ್ಟಬಾರದು. ಚಿತ್ತಪ್ಪ ಮಾತಿನ ಮನುಷ್ಯ, ಮುಟ್ಟಲಿಲ್ಲ. ಮಾರನೆಯ ದಿನ ಕೈ ನಡುಗಿತು. ಮೂರನೆಯ ದಿನ ಮನೆಯೊಳಗೆಲ್ಲ ಕುರಿಮರಿ ತುಂಬಿಕೊಂಡಿವೆ, ಹೊಡೆದು ಆಚೆ ಹಾಕು ಎಂದು ಕೂಗಾಡಿದ. ಮನೆಯಲ್ಲಿ ಒಂದು ಮರಿಯೂ ಇರಲಿಲ್ಲ. ಆಮೇಲೆ ಕೈಕಾಲು ಸೆಟೆದು ಬಿದ್ದ. ಅವನ ತಮ್ಮ ಗಾಬರಿಯಾಗಿ ಬಾಯಿಗೆ ಒಂದಿಷ್ಟು ಸಾರಾಯಿ ಸುರಿದ. ಉಸಿರುಗಟ್ಟಿ ಹೋಗದೆ ಇದ್ದದ್ದೇ ಪುಣ್ಯ. ಎಚ್ಚರವಾದ ಮೇಲೆ ಮತ್ತೆ ಕುಡಿದ, ನಡುಕ ನಿಂತಿತು. ಕುಡುಕನ ಆಣೆ ದೇವರಿಗೆ ಬೇಡವಾಯಿತು, ಇವನು ಕುಡಿದರೇ ಬದುಕುವವನು ಎಂದು ಮನೆಯವರೆಲ್ಲ ತೀರ್ಮಾನ ಮಾಡಿ ಬಾಯಿ ಮುಚ್ಚಿಕೊಂಡರು.

"ಈಗ ಮತ್ತೆ ಆಣೆ ಮಾಡ್ತಾನೆ ಕಣವ್ವ, ಬರೋ ಸೋಮವಾರ," ಎಂದಳು ಮುದ್ದಕ್ಕ. ಹಿಂದಿನ ತಿಂಗಳು ಅಮಲಿನಲ್ಲಿ ಮರಿಗೂಡಿನ ಬಾಗಿಲು ಹಾಕುವುದನ್ನು ಮರೆತು ಮಲಗಿದ್ದ. ಮೂರು ಮರಿ ನಾಯಿಗಳ ಪಾಲಾದವು. ನೂರು ಕುರಿಯನ್ನೂ ಮುಖ ನೋಡಿ ಗುರುತಿಸುವ ಮನುಷ್ಯ, ಆ ಮೂರನ್ನು ಮಣ್ಣು ಮಾಡಿ ಬಂದು ಮಗುವಿನ ಹಾಗೆ ಅತ್ತನಂತೆ. ತಾನೇ ಹೋಗಿ ಪೂಜಾರಿ ಕೆಂಚಣ್ಣನಿಗೆ ಹೇಳಿ ದಿನ ಗೊತ್ತು ಮಾಡಿದ್ದ.

ಅಂದು ಗುರುವಾರ.

ಕಾವ್ಯಶ್ರೀ ಹಾಳೆಗಳನ್ನು ಪಕ್ಕಕ್ಕಿಟ್ಟಳು. ತಾನು ಡಾಕ್ಟರಲ್ಲ, ಆದರೆ ಇದಿಷ್ಟು ಗೊತ್ತು ಎಂದು ಬಿಡಿಸಿ ಹೇಳಿದಳು. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಅದೇ ಅಭ್ಯಾಸವಾಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಹೀಗೇ ಆಗುತ್ತದೆ, ಪ್ರಾಣವೂ ಹೋಗಬಹುದು. ಇದು ದೇವರ ಸಿಟ್ಟೂ ಅಲ್ಲ, ಗಾಳಿಯೂ ಅಲ್ಲ, ಕಾಯಿಲೆ. ಇದಕ್ಕೆ ಮದ್ದಿದೆ. ಆಸ್ಪತ್ರೆಯಲ್ಲಿಟ್ಟು, ಮಾತ್ರೆ ಕೊಟ್ಟು, ಮೈಗೆ ತೊಂದರೆಯಾಗದಂತೆ ಬಿಡಿಸುತ್ತಾರೆ.

ಅಲ್ಲೇ ಕುಳಿತು ನನ್ನ ಫೋನಿನಿಂದ 14416ಕ್ಕೆ ಮಾಡಿದೆವು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, ಕಾಸು ಖರ್ಚಿಲ್ಲ. ಆ ಕಡೆಯವರು ಕನ್ನಡದಲ್ಲೇ ಎಲ್ಲ ಕೇಳಿಕೊಂಡರು. ಹಿಂದೆ ಫಿಟ್ಸ್ ಬಂದಿರುವುದರಿಂದ ಒಂದು ಹತ್ತು ದಿನ ಆಸ್ಪತ್ರೆಗೆ ಸೇರಿಸಿಯೇ ಬಿಡಿಸಬೇಕು, ಡಾಕ್ಟರು ನೋಡುವವರೆಗೆ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ ಎಂದರು.

ಮುದ್ದಕ್ಕನಿಗೆ ಅತ್ತದ್ದೆಲ್ಲ ಮರೆತುಹೋಯಿತು. "ಇಪ್ಪತ್ತು ವರ್ಷದಿಂದ ಬಿಡು ಬಿಡು ಅಂತ ಬಡ್ಕಂಡಿದೀನಿ. ಈಗ ನಾಲ್ಕು ದಿನ ತಡಿ ಅಂತ ನಾನೇ ಹೇಳ್ಬೇಕಾ?"

ಹೇಳಬೇಕಿತ್ತು. ಹೇಳಿದಳು. ಆದರೆ ಚಿತ್ತಪ್ಪ ಕೇಳಬೇಕಲ್ಲ. ಸಂಜೆ ಕುರಿ ಗೂಡಿಗೆ ಸೇರಿಸಿ ಬಂದವನು, ಅದು ಹುಚ್ಚರಾಸ್ಪತ್ರೆ, ನಾನು ಬರಲ್ಲ ಎಂದ. ದೇವರಿಗೆ ಮಾತು ಕೊಟ್ಟು ಡಾಕ್ಟರ ಹತ್ತಿರ ಹೋದರೆ ದೇವರನ್ನು ನಂಬಲಿಲ್ಲ ಎಂದಾಗುತ್ತದೆ ಎಂದ. ಹತ್ತು ದಿನ ಕುರಿಯನ್ನು ನಿಮ್ಮಪ್ಪ ಕಾಯುತ್ತಾನಾ ಎಂದೂ ಕೇಳಿದ. ನಮ್ಮಪ್ಪ ತೀರಿಕೊಂಡು ಆರು ವರ್ಷವಾಯಿತು, ಹಾಗಾಗಿ ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಮುದ್ದಕ್ಕನೇ ಮುಂದಾಗಿ ಎಲ್ಲರನ್ನೂ ಕೆಂಚಣ್ಣನ ಮನೆಗೆ ಕರೆದುಕೊಂಡು ಹೋದಳು. ಎಂಬತ್ತರ ಹತ್ತಿರದ ಪೂಜಾರಿ. ಎರಡು ವರ್ಷ ಮುಚ್ಚಿಟ್ಟಿದ್ದನ್ನು ಅವಳು ಗಂಡನ ಎದುರಿಗೇ ಬಿಡಿಸಿ ಹೇಳಿದಳು. ಚಿತ್ತಪ್ಪ ತಲೆ ತಗ್ಗಿಸಿ ಕುಳಿತಿದ್ದ. ಕೆಂಚಣ್ಣ ಬೇಡ ಎಂದರೆ ಮುಗಿಯಿತು, ಮತ್ತೆ ಮಾತಿಲ್ಲ.

ಕೆಂಚಣ್ಣ ಎಲೆಅಡಿಕೆ ಉಗಿದು ಬಂದು ಕುಳಿತ. "ಲೇ ಚಿತ್ತಪ್ಪ, ಕುರಿಗೆ ರೋಗ ಬಂದ್ರೆ ಏನ್ ಮಾಡ್ತೀಯ?"

"ಗುಡಿಗೆ ಕಾಯಿ ಒಡಿತೀನಿ."

"ಅಷ್ಟೇನಾ?"

"ಡಾಕ್ಟ್ರನ್ನ ಕರ್ಸಿ ಸೂಜಿ ಹಾಕಿಸ್ತೀನಿ."

"ದೇವರು ಯಾವತ್ತಾದ್ರೂ ಸಿಟ್ಟಾಗೈತಾ? ಕುರಿಗೊಂದು ನ್ಯಾಯ, ನಿನಗೊಂದು ನ್ಯಾಯನಾ? ಮೊದ್ಲು ಸೂಜಿ ಹಾಕಿಸ್ಕಂಡು ಬಾ. ಆಣೆ ಎಲ್ಲಿಗೂ ಓಡೋಗಲ್ಲ. ಕುರಿ ನಮ್ಮ ಮಂದೆ ಜೊತೆಗಿರ್ಲಿ."

ಸೋಮವಾರ ಗುಡಿಗೆ ಹೋಗಬೇಕಿದ್ದ ಚಿತ್ತಪ್ಪ ಬಸ್ಸು ಹತ್ತಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋದ. ಹನ್ನೊಂದು ದಿನ ವಾರ್ಡಿನಲ್ಲಿದ್ದ. ಕೈ ನಡುಗಿತು, ನಿದ್ದೆ ಕೆಟ್ಟಿತು, ಆದರೆ ಇಲ್ಲದ ಮರಿಗಳು ಕಣ್ಣಿಗೆ ಕಾಣಲಿಲ್ಲ, ಮೈ ಸೆಟೆಯಲಿಲ್ಲ. ಹುಚ್ಚರು ಯಾರಾದರೂ ಇದ್ದರಾ ಎಂದು ನಾನು ಆಮೇಲೆ ರೇಗಿಸಿದೆ. ಪಕ್ಕದ ಮಂಚದಲ್ಲಿ ಹೊಳಲ್ಕೆರೆಯ ಮೇಷ್ಟ್ರು, ಎದುರಿಗೆ ಹಿರಿಯೂರಿನ ಲಾರಿ ಡ್ರೈವರು, ಎಲ್ಲರೂ ನನ್ನಂಥವರೇ ಎಂದ. ವಾಪಸು ಬಂದು ತಣ್ಣೀರು ಮಿಂದು, ಗುಡಿಯ ಮುಂದೆ ಭಂಡಾರ ಮುಟ್ಟಿ ಆಣೆ ಮಾಡಿದ.

ಅದು ಮುರಿಯಲೇ ಇಲ್ಲ ಎಂದು ಹೇಳಿದರೆ ನಾನೂ ಫಾರಂ ಉತ್ತರ ಕೊಟ್ಟ ಹಾಗಾಗುತ್ತದೆ. ನಾಲ್ಕು ತಿಂಗಳಿಗೆ ನೆಂಟರ ಮದುವೆಯಲ್ಲಿ ಒಮ್ಮೆ ಜಾರಿದ. ಈ ಸಲ ಯಾರೂ ಮುಚ್ಚಿಡಲಿಲ್ಲ. ಮರುದಿನವೇ ಮುದ್ದಕ್ಕ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎಡವಿದವನು ಮತ್ತೆ ಎದ್ದು ನಡೆಯಬಹುದು ಎಂದು ಅವರು ಹೇಳಿ ಕಳಿಸಿದರಂತೆ. ಅಲ್ಲಿಂದೀಚೆಗೆ ಮುಟ್ಟಿಲ್ಲ.

ಆ ಗುರುವಾರದ ಇನ್ನೊಂದು ಮಾತು ಬಾಕಿ ಇದೆ. ಕಾವ್ಯಶ್ರೀಯ ಫಾರಂನಲ್ಲಿ, ಮೊದಲು ಕುಡಿಸಿದವರು ಯಾರು ಎಂಬ ಪ್ರಶ್ನೆಗೆ ಗೆಳೆಯರು, ನೆಂಟರು, ತಾವೇ ಎಂದು ಮೂರು ಉತ್ತರಗಳಿದ್ದವು. ಮೂರೂ ಅಲ್ಲ ಎಂದಳು ಮುದ್ದಕ್ಕ. ನಮ್ಮ ಕಡೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ. ಹೊಲದವರು ಕಾಯುವವನಿಗೆ ರಾಗಿ ಕೊಡುತ್ತಾರೆ, ಕೂಲಿ ಕೊಡುತ್ತಾರೆ, ಚಳಿಗಿರಲಿ ಎಂದು ಒಂದು ಕ್ವಾರ್ಟರ್ ಮದ್ಯವನ್ನೂ ಕೊಡುತ್ತಾರೆ. ಅದು ಪದ್ಧತಿ.

"ಹದಿನೆಂಟು ವಯಸ್ಸಿಗೆ ಮಂದೆ ಕಾಯಕೆ ಹೋದೋನಿಗೆ ಹೊಲದೋರೇ ಕೊಟ್ರು," ಎಂದಳು. "ನಿನ್ನ ಹಾಳೇಲಿ ಇದನ್ನ ಯಾಕೆ ಕೇಳಿಲ್ಲ?"

ಅಷ್ಟು ಓದಿದ ಹುಡುಗಿ, ನಮಗೆ ಗೊತ್ತಿರಲಿಲ್ಲ ಅಕ್ಕ ಎಂದು ಒಪ್ಪಿಕೊಂಡಳು. ಫಾರಂ ತಿರುಗಿಸಿ ಹಿಂದೆ ಬರೆದುಕೊಂಡಳು. ಅವಳ ಫಾರಂನಲ್ಲಿ ಹೆಸರು ಇರುವುದಿಲ್ಲ, ಬರೀ ನಂಬರ್ ಇರುತ್ತದೆ ಎಂಬುದನ್ನು ಮುದ್ದಕ್ಕ ಆಗ ಕಣ್ಣಾರೆ ನೋಡಿದಳು. ಎರಡು ದಿನ ಬಿಟ್ಟು ಅವಳೇ ಕಾವ್ಯಶ್ರೀಯ ಮುಂದೆ ಮುಂದೆ ನಡೆದು ಆ ಹದಿನಾಲ್ಕು ಮನೆಗಳಿಗೂ ಮತ್ತೆ ಕರೆದುಕೊಂಡು ಹೋದಳು. ಒಂಬತ್ತು ಮನೆಯಲ್ಲಿ ಉತ್ತರ ಬದಲಾಯಿತು. ಬೋರಕ್ಕನದೂ ಸೇರಿ.

ನಮ್ಮ ಸ್ವಸಹಾಯ ಸಂಘದ ಹೆಂಗಸರು ಸುತ್ತಲಿನ ಹೊಲದವರನ್ನು ಕೂರಿಸಿಕೊಂಡು ಮಾತಾಡಿದರು. ಈಗ ಮಂದೆ ನಿಲ್ಲಿಸಿದರೆ ರಾಗಿ, ಕೂಲಿ, ಒಂದು ಫ್ಲಾಸ್ಕ್ ಬಿಸಿ ಕಾಫಿ. ಹೊಲದವರಲ್ಲಿ ಮೊದಲು ಗೊಣಗಿದ ನಾಗರಾಜ್ ಈಗ ಕಾಫಿಗೆ ಶುಂಠಿ ಜಜ್ಜಿ ಹಾಕಿಸಿ ತರುತ್ತಾನೆ.

ಹೋದ ತಿಂಗಳು ಕಾವ್ಯಶ್ರೀ ಹೊಸ ಫಾರಂ ಹಿಡಿದು ಮತ್ತೆ ಬಂದಳು. ಮುದ್ದಕ್ಕ ಅದನ್ನು ಕಿತ್ತುಕೊಂಡು, ಅಕ್ಷರ ಕೂಡಿಸಿಕೊಂಡು ಹುಡುಕಿದಳು. ಎರಡನೆಯ ಹಾಳೆಯಲ್ಲಿ ಸಿಕ್ಕಿತು: ಮಂದೆ ನಿಲ್ಲಿಸಿದಾಗ ಹೊಲದವರು ಮದ್ಯ ಕೊಡುವ ಪದ್ಧತಿ ಇದೆಯೇ? "ಇದು ನಂದು," ಎಂದು ಪಕ್ಕದ ಮನೆಯವರಿಗೆಲ್ಲ ಬೆರಳಿಟ್ಟು ತೋರಿಸಿದಳು. ಇತ್ತು, ನಾವು ನಿಲ್ಲಿಸಿದೆವು ಎಂದು ಉತ್ತರ ಬರೆಸಿದಳು.

ಕೊನೆಯ ಪ್ರಶ್ನೆ ಹೋದ ವರ್ಷದ್ದೇ. ಆಗ ಅದಕ್ಕೆ ಉತ್ತರ ಹೇಳದೆ ಮುಖ ತಿರುಗಿಸಿದ್ದಳು.

"ನಿಮಗೆ ನಿದ್ದೆ ಬರ್ತೈತಾ ಅಕ್ಕ?"

ಮುದ್ದಕ್ಕ ಕುರಿಗೂಡಿನ ಕಡೆ ನೋಡಿದಳು. "ಬರ್ತೈತೆ ಕಣವ್ವ. ಮರಿಗೂಡಿನ ಬಾಗಿಲು ಅವನೇ ಹಾಕಿ ಬರ್ತಾನೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಜಗುಲಿಗೂ ಇಂಥ ಹುಡುಗಿಯೋ ಹುಡುಗನೋ ಪ್ರಶ್ನೆ ಹಿಡಿದು ಬಂದಾರು. ಯಾರು, ಎಲ್ಲಿಂದ ಬಂದಿರಿ, ಹೆಸರು ಬರೆಯುತ್ತೀರಾ ಎಂದು ಮೊದಲು ನೀವೇ ಕೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, ಅದು ನಿಮ್ಮ ಹಕ್ಕು. ಹೇಳುವುದಾದರೆ ಇದ್ದದ್ದು ಇದ್ದ ಹಾಗೆ ಹೇಳಿ. ಇಲ್ಲ ಎಂದು ಬರೆಸಿದ ಊರಿಗೆ ಡಾಕ್ಟರನ್ನು ಯಾರೂ ಕಳಿಸುವುದಿಲ್ಲ. ದಿನಾ ಕುಡಿಯುವವರು ಬಿಡುತ್ತೇನೆ ಎಂದರೆ ತುಂಬ ಸಂತೋಷ, ಆದರೆ ಒಬ್ಬರೇ, ಒಮ್ಮೆಲೇ ಬೇಡ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ನಿದ್ದೆ ಬಾರದೆ ಸೂರು ನೋಡಿಕೊಂಡು ಮಲಗುವ ಮನೆಯವರೂ ಮಾಡಬಹುದು.

ಮುದ್ದಕ್ಕನ ಹಾಗೆ ಎರಡು ವರ್ಷ ಕಾಯಬೇಡಿ. ಇವತ್ತೇ ಮಾಡಿ.