ಬಲಕ್ಕೆ ಹತ್ತುವ ಏಣಿ

ತೊಂಬತ್ತೆಂಟರ ಬೇಸಿಗೆಯಲ್ಲಿ ಕೆಂಪರಾಜನ ಪ್ರಿಂಟಿಂಗ್ ಶೆಡ್ಡಿಗೆ ಅದುವರೆಗೆ ಅಲ್ಲಿ ಯಾರೂ ಕಂಡಿರದಂಥ ಆರ್ಡರ್ ಬಂತು. ಕೆ.ಆರ್. ಪುರದ ಅಂಚಿನಲ್ಲಿ, ಅವನಪ್ಪ ಮುನಿಆಂಜನಪ್ಪ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಮೀನಿನ ಮೇಲೆ ಎದ್ದ ಶೆಡ್ಡು ಅದು. ಹತ್ತು ವರ್ಷದಿಂದ ಅಲ್ಲಿ ಅಚ್ಚಾಗುತ್ತಿದ್ದುದೆಲ್ಲ ಹೂವು, ಬಳ್ಳಿ, ಮಾವಿನಕಾಯಿ, ನವಿಲು. ಈಗ ಅಮೆರಿಕದ ಒಂದು ಬಟ್ಟೆ ಅಂಗಡಿಯವರು ಹತ್ತಿಬಟ್ಟೆಯ ಮೇಲೆ ಗ್ರಹಗಳು ಬೇಕು, ಲ್ಯಾಬಿನ ಗಾಜಿನ ಸೀಸೆಗಳು ಬೇಕು, ಕಲ್ಲಿನಲ್ಲಿ ಉಳಿದ ಜರೀಗಿಡದ ಗುರುತು ಬೇಕು, ಡಿಎನ್ಎ ಬೇಕು ಎಂದು ನಾಲ್ಕು ಚಿತ್ರ ಕಳಿಸಿದ್ದರು. ಅಲ್ಲಿನ ಹೆಂಗಸರು ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಾರಂತೆ. ಅವರಲ್ಲಿ ವಿಜ್ಞಾನದ ಟೀಚರುಗಳೇ ಬಹಳವಂತೆ.

"ಅಂದ್ರ ಕೌದಿ ಅನ್ರಿ ಸರ್," ಎಂದಳು ಶಾಂಭವಿ.

"ಕೌದಿನೋ ಗಿವುದಿನೋ, ಅವರು ಅದಕ್ಕೆ ಏನೋ ಅಂತಾರೆ. ನೀನು ನೀಟಾಗಿ ಎತ್ಕೊಡಮ್ಮ ಸಾಕು," ಎಂದ ಕೆಂಪರಾಜ್.

ಎತ್ತಿಕೊಡುವುದೇ ಶಾಂಭವಿಯ ಕೆಲಸ. ಬಂದ ಚಿತ್ರವನ್ನು ಬಣ್ಣಬಣ್ಣಕ್ಕೆ ಬೇರ್ಪಡಿಸಿ, ಒಂದೊಂದು ಬಣ್ಣವನ್ನೂ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ತಿದ್ದಬೇಕು. ಆ ಹಾಳೆಗಳಿಂದ ಸ್ಕ್ರೀನ್ ತಯಾರಿಸುವುದು, ಸ್ಕ್ರೀನಿನಿಂದ ಬಟ್ಟೆಗೆ ಬಣ್ಣ ಇಳಿಸುವುದು ಜಿಯಾವುಲ್ಲಾ ಮಾಸ್ತರರದು. ಶಿವಾಜಿನಗರದಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೇ ಬಣ್ಣಕ್ಕೆ ಕೈ ಹಾಕಿದ ಮನುಷ್ಯ. ಅವರು ಮೇಜಿನ ಬಳಿ ನಿಂತರೆ ಕೆಂಪರಾಜ್ ಕೂಡ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ.

ಶಾಂಭವಿ ಆಳಂದದವಳು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು. ಪರೀಕ್ಷೆ ಮುಗಿದ ತಿಂಗಳಲ್ಲೇ ಮದುವೆಯಾಗಿ, ಗಂಡ ಶಿವಪುತ್ರನ ಜೊತೆ ಮರ್ಫಿ ಟೌನಿನ ಬಾಡಿಗೆ ಕೋಣೆಗೆ ಬಂದಳು. ಚಿತ್ರ ಬಿಡಿಸುವ ಕೈ ಚೆನ್ನಾಗಿದ್ದುದರಿಂದ ಈ ಕೆಲಸ ಸಿಕ್ಕಿತ್ತು. ನಾಲ್ಕು ವರ್ಷ ಹೂಬಳ್ಳಿ ತಿದ್ದಿ ಬೇಸತ್ತಿದ್ದವಳಿಗೆ ಈ ಆರ್ಡರ್ ಬಂದಾಗ ಮರೆತೇಹೋಗಿದ್ದ ಒಬ್ಬ ಗೆಳತಿ ಬಾಗಿಲು ತಟ್ಟಿದಂತಾಯಿತು. ಶನಿಗ್ರಹದ ಬಳೆಯನ್ನು ಅವಳು ಉಸಿರು ಬಿಗಿಹಿಡಿದು ತಿದ್ದಿದಳು.

ಮೂರು ಡಿಸೈನ್ ಮುಗಿದವು. ಕೊನೆಯದು ಡಿಎನ್ಎ: ಕಡುನೀಲಿ ಬಟ್ಟೆಯ ಮೇಲೆ ಸಾಲುಸಾಲಾಗಿ ತಿರುಚಿಕೊಂಡು ಮೇಲೇರುವ ಏಣಿಗಳು. ಸ್ಯಾಂಪಲ್ ಕಳಿಸಿಯಾಯಿತು, ಅವರು ಒಪ್ಪಿಯೂ ಆಯಿತು. ಹಡಗಿಗೆ ಮಾಲು ಸೇರಿಸಲು ಹನ್ನೆರಡು ದಿನ ಉಳಿದಿತ್ತು.

ಅಚ್ಚು ಶುರುವಾದ ದಿನ ಸಂಜೆ ಶಾಂಭವಿ ಊಟದ ಡಬ್ಬಿ ತೊಳೆದುಕೊಂಡು ಬರುವಾಗ, ಒಣಗಲು ಹಾಕಿದ್ದ ಬಟ್ಟೆಯ ಕೆಳಗೆ ನಿಂತಳು. ಏನೋ ಸರಿಯಿಲ್ಲ ಅನ್ನಿಸಿತು. ಬಣ್ಣ ಸರಿಯಾಗಿಯೇ ಕೂತಿತ್ತು, ಗೆರೆ ಎಲ್ಲೂ ಒಡೆದಿರಲಿಲ್ಲ. ಆದರೆ ಅವಳ ಅಪ್ಪ ಪುಂಡಿನಾರಿನ ಹಗ್ಗ ಹೊಸೆಯುವವನು. ಚಿಕ್ಕಂದಿನಿಂದ ಹುರಿಯ ತುದಿ ಹಿಡಿದುಕೊಂಡು ಕೂತವಳಿಗೆ ಹುರಿ ಯಾವ ಕಡೆ ತಿರುಗಿದೆ ಎಂಬುದು ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಪಿಯುಸಿ ಪುಸ್ತಕದ ಏಣಿ ಹೀಗೆ ತಿರುಗಿರಲಿಲ್ಲ.

ಮೂಲಚಿತ್ರ ಆಫೀಸಿನ ಬೀರುವಿನಲ್ಲಿತ್ತು, ಕೆಂಪರಾಜ್ ಬೀಗ ಹಾಕಿ ಹೋಗಿದ್ದ. ಅಂಚಿನ ಒಂದು ತುಂಡನ್ನು ಕೇಳಿ ಪಡೆದು ಮನೆಗೆ ಒಯ್ದಳು. ಶಿವಪುತ್ರ ಹೊಸ ತಿಪ್ಪಸಂದ್ರದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಬೋಲ್ಟು, ಸ್ಕ್ರೂ ತಿರುವುವವನು. ಚಹಾ ಕುಡಿಯುತ್ತ ಕೂತವನ ಮುಂದೆ ತುಂಡನ್ನು ಹಿಡಿದಳು.

"ನೋಡ್ರಿ, ಇದರಾಗ ಏನರೆ ತಪ್ಪು ಕಾಣ್ತದೇನು?"

ಅವನು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. "ತಪ್ಪೋ ಸರಿಯೋ ನನಗ ಗೊತ್ತಿಲ್ಲ. ಆದ್ರ ಇದು ಉಲ್ಟಾ ಥ್ರೆಡ್ ಅದ. ಇಂಥ ಬೋಲ್ಟಿಗಿ ಮಾಮೂಲಿ ನಟ್ಟು ಕೂಡಂಗಿಲ್ಲ."

"ಖರೇ?"

"ದಿನಾ ಅದೇ ಕೆಲಸ ಮಾಡವನಿಗಿ ಕೇಳ್ತಿ ನೋಡು."

ಮರುದಿನ ಬೆಳಿಗ್ಗೆ ಶಾಂಭವಿ ಕೆ.ಆರ್. ಪುರದ ಬಸ್ಸು ಹತ್ತಲಿಲ್ಲ. ಬೆನ್ಸನ್ ಟೌನಿನಲ್ಲಿ ಹೆಣ್ಣುಮಕ್ಕಳ ಕಾಲೇಜೊಂದಿದೆ ಎಂದು ಮಾತ್ರ ಗೊತ್ತಿತ್ತು. ಕೇಳಿಕೊಂಡು ಹೋದಳು. ಗೇಟಿನವನು ಯಾರನ್ನು ನೋಡಬೇಕೆಂದು ಕೇಳಿದಾಗ, "ಬಯಾಲಜಿ ಹೇಳಿಕೊಡೋರು ಯಾರಿದ್ರೂ ನಡೀತದ," ಎಂದಳು. ಅವನು ಒಳಗೆ ಬಿಡಲಿಲ್ಲ. ಅವಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ಒಳಗೆ ಹೋಗುತ್ತಿದ್ದ ಒಬ್ಬೊಬ್ಬ ಮೇಡಮ್ಮನ್ನೂ ಎದ್ದು ನಿಂತು ಕೇಳಿದಳು. ಮೂವರು ಅಲ್ಲವೆಂದರು. ನಾಲ್ಕನೆಯವರು ನಿಂತರು. ಕನ್ನಡಕ ಹಾಕಿದ, ಐವತ್ತರ ಹತ್ತಿರದ ಫಹ್ಮಿದಾ ಮೇಡಂ.

"ಬಯಾಲಜಿ ನಾನೇ. ಯಾರ ಅಡ್ಮಿಶನ್ನು?"

"ಅಡ್ಮಿಶನ್ ಅಲ್ರಿ ಮೇಡಂ." ಶಾಂಭವಿ ಚೀಲದಿಂದ ಬಟ್ಟೆ ತೆಗೆದಳು. "ಇದು ಹಿಂಗ ತಿರುಗಬೇಕೋ, ಹಂಗ ತಿರುಗಬೇಕೋ ಅಷ್ಟು ಹೇಳ್ರಿ."

ಫಹ್ಮಿದಾ ಬಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ನಕ್ಕುಬಿಟ್ಟರು. "ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದೀನಿ. ಒಬ್ಬ ಸ್ಟೂಡೆಂಟೂ ಈ ಪ್ರಶ್ನೆ ಕೇಳಿಲ್ಲ. ಬನ್ನಿ ಒಳಗೆ."

ಲ್ಯಾಬಿನ ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಚಾರ್ಟು ನೇತಾಡುತ್ತಿತ್ತು. ಅದರ ಏಣಿಯೂ ಶಾಂಭವಿಯ ಬಟ್ಟೆಯಲ್ಲಿದ್ದಂತೆಯೇ ತಿರುಗಿತ್ತು. ಸುಮ್ಮನೆ ಇಲ್ಲಿತನಕ ಬಂದೆನೇ ಎಂದುಕೊಂಡಳು. ಫಹ್ಮಿದಾ ಕೂಡ ಚಾರ್ಟಿನ ಮುಂದೆ ಹುಬ್ಬು ಗಂಟಿಕ್ಕಿ ನಿಂತರು. ಆಮೇಲೆ ಬೀರು ತೆರೆದು ಎರಡು ದಪ್ಪ ಪುಸ್ತಕ ಇಳಿಸಿದರು. ಎರಡರಲ್ಲೂ ಏಣಿ ಇನ್ನೊಂದು ಕಡೆಗೆ ತಿರುಗಿತ್ತು.

"ಚಾರ್ಟು ತಪ್ಪು," ಎಂದರು ನಿಧಾನವಾಗಿ. "ನಾನು ದಿನಾ ಇದನ್ನೇ ತೋರಿಸಿ ಪಾಠ ಮಾಡಿದೀನಿ ನೋಡಿ! ಬಲಗೈ ಹೆಬ್ಬೆರಳು ಮೇಲೆ ಮಾಡಿ. ಬೆರಳು ಮಡಚಿದ ಹಾಗೆ ಸುತ್ತಿಕೊಂಡು ಹೆಬ್ಬೆರಳಿನ ಕಡೆಗೆ ಏರಬೇಕು. ಎದುರಿಗೆ ಕಾಣೋ ಎಳೆ ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ ಹತ್ತಬೇಕು."

"ಮಾಮೂಲಿ ಬೋಲ್ಟಿನಂಗ."

"ಎಕ್ಸಾಕ್ಟ್ಲಿ. ನಿಮ್ಮಲ್ಲಿ, ನನ್ನಲ್ಲಿ, ಆ ಕಿಟಕಿ ಹೊರಗಿರೋ ಗಿಡದಲ್ಲಿ, ಸಾಮಾನ್ಯವಾಗಿ ಹೀಗೇನೇ."

ಶಾಂಭವಿ ತನ್ನ ಬಲಗೈಯನ್ನು ಎರಡು ಸಲ ಮಡಚಿ ಬಿಚ್ಚಿ ನೋಡಿಕೊಂಡಳು. ಚಾರ್ಟಿನ ಕೆಳಗೆ ನಿಂತೇ ಚೀಲ ಹೆಗಲಿಗೇರಿಸಿದಳು.

ಅವಳು ಶೆಡ್ಡು ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ನಾನೂರು ಮೀಟರ್ ಅಚ್ಚಾಗಿತ್ತು. ಮೇಜಿನ ಎರಡೂ ಬದಿಗೆ ನಿಂತು ಬಣ್ಣ ಎಳೆಯುತ್ತಿದ್ದವರನ್ನು ನೋಡಿ ಅವಳು ಕೂಗಿಯೇಬಿಟ್ಟಳು: "ನಿಲ್ಲಸ್ರಿ!"

ಕೆಂಪರಾಜ್ ಆಫೀಸಿನಿಂದ ಹೊರಗೆ ಬಂದ. "ಏನಮ್ಮ, ಲೇಟಾಗಿ ಬಂದಿದ್ದಲ್ದೆ ಕೆಲಸಾನೂ ನಿಲ್ಲಿಸ್ತಿದೀಯ?"

"ಡಿಎನ್ಎ ಉಲ್ಟಾ ಬಂದದ ಸರ್. ಬೋಲ್ಟಿನಂಗ ತಿರುಗಬೇಕಂತ ಕಾಲೇಜಿನ ಮೇಡಂ ಒಬ್ಬರು ಪುಸ್ತಕ ತಗದು ತೋರಿಸ್ಯಾರ. ಮಾಸ್ತರ್ರು ಸ್ಕ್ರೀನ್ ಮಾಡುವಾಗ ಹಾಳಿ ಮಗಚಿ ಇಟ್ಟಾರ."

ಅಷ್ಟು ಜನರ ಎದುರು ಹಾಗೆ ಹೇಳಬಾರದಿತ್ತು. ಜಿಯಾವುಲ್ಲಾ ಕೈಯಲ್ಲಿದ್ದ ಬಣ್ಣದ ಮಗ್ಗನ್ನು ಕೆಳಗಿಟ್ಟರು. "ನಾನು? ಮಗುಚಿ? ನಲವತ್ತು ವರ್ಷ ಆಯ್ತಮ್ಮ ಈ ಕೆಲಸಕ್ಕೆ. ಉಲ್ಟಾ ಅಂದ್ರೆ ಏನು? ಬಟ್ಟೆ ತಿರುಗಿಸಿ ನೋಡು, ಸೀದಾ ಆಗುತ್ತೆ."

"ಆಗಂಗಿಲ್ಲ." ಅವಳು ಬಟ್ಟೆಯನ್ನು ತಲೆಕೆಳಗು ಮಾಡಿ ಹಿಡಿದಳು. ಏಣಿ ಅದೇ ಕಡೆ ತಿರುಗಿತ್ತು. ಮೇಜಿನ ಕಾಲಿನಿಂದ ಒಂದು ಬೋಲ್ಟು ಬಿಚ್ಚಿಸಿ ಪಕ್ಕದಲ್ಲಿಟ್ಟಳು. "ಬೋಲ್ಟೂ ಹಂಗೇ ರೀ. ತಲಿ ಮ್ಯಾಲ ಮಾಡ್ರಿ, ಕೆಳಗ ಮಾಡ್ರಿ, ಥ್ರೆಡ್ ಬದಲಾಗಂಗಿಲ್ಲ." ಆಮೇಲೆ ಬಟ್ಟೆಯ ಒಳಮೈ ಹೊರಳಿಸಿ ಬೆಳಕಿಗೆ ಹಿಡಿದಳು. ಹಿಂದಿನಿಂದ ಮಂಕಾಗಿ ಕಂಡ ಏಣಿ ಬೋಲ್ಟಿನ ಜೊತೆ ಸರಿಯಾಗಿ ಹೊಂದಿತು. ಸುತ್ತ ನಿಂತವರು ಬಗ್ಗಿ ನೋಡಿದರು.

ಜಿಯಾವುಲ್ಲಾ ಹೋಗಿ ಸ್ಕ್ರೀನನ್ನೇ ಎತ್ತಿ ತಂದರು. ಅದರ ಮೂಲೆಯಲ್ಲಿ, ಶಾಂಭವಿ ಪಾರದರ್ಶಕ ಹಾಳೆಯ ಮೇಲೆ ಬರೆದಿದ್ದ ಡಿಸೈನ್ ನಂಬರು ನೆಟ್ಟಗೆ ಓದುವಂತೆ ಇಳಿದಿತ್ತು. "ನಾನು ಮಗುಚಿದ್ರೆ ನಿನ್ನ ನಂಬರೂ ಮಗುಚ್ಬೇಕಲ್ಲ, ಅಮ್ಮ?"

ಶಾಂಭವಿ ತನ್ನ ಮೂಲೆಗೆ ಓಡಿದಳು. ಮೂಲಚಿತ್ರವನ್ನು ಮೊದಲು, ಎರಡೂ ಕಡೆಯಿಂದ ಗೆರೆ ಕಾಣುವ ಬಟರ್ ಪೇಪರಿಗೆ ಇಳಿಸಿಕೊಂಡಿದ್ದಳು. ಆ ಪೇಪರು ಇನ್ನೂ ಬೋರ್ಡಿಗೆ ಅಂಟಿಸಿಕೊಂಡೇ ಇತ್ತು, ಹಿಂದುಮುಂದಾಗಿ. ಸಾಲಿಗೆ ಸಾಲು ಕೂಡಿಸಲು ಒಮ್ಮೆ ಬಿಚ್ಚಿ ಮತ್ತೆ ಅಂಟಿಸುವಾಗ ಹೊರಳಿಹೋಗಿತ್ತು. ನಾಲ್ಕು ಬಣ್ಣವನ್ನೂ ಅದರ ಮೇಲೇ ಎತ್ತಿದ್ದರಿಂದ ಒಂದಕ್ಕೊಂದು ಕೂಡಿಕೊಂಡವು, ಯಾರಿಗೂ ಗೊತ್ತಾಗಲಿಲ್ಲ. ಅಕ್ಷರವೋ ಮುಖವೋ ಇದ್ದಿದ್ದರೆ ತಿಳಿಯುತ್ತಿತ್ತು.

ಆ ಪೇಪರನ್ನು ಕಿತ್ತು ಚೀಲಕ್ಕೆ ತುರುಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಗೆ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಬೋರ್ಡನ್ನೇ ಎತ್ತಿಕೊಂಡು ಎಲ್ಲರ ನಡುವೆ ಬಂದು ನಿಂತಳು.

"ತಪ್ಪು ನಂದೇ ಅದ. ಮಾಸ್ತರ್ ಮ್ಯಾಲ ಹಾಕಿದೆ, ತಪ್ಪಾತು, ಮಾಫ್ ಮಾಡ್ರಿ."

ಜಿಯಾವುಲ್ಲಾ ತಲೆಯಾಡಿಸಿದರು, ಅಷ್ಟೇ. ಮುಖದ ಬಿಗಿ ಇನ್ನೂ ಸಡಿಲಾಗಿರಲಿಲ್ಲ.

ಕೆಂಪರಾಜ್ ನಿಟ್ಟುಸಿರು ಬಿಟ್ಟ. "ಆಯ್ತು. ಆಗಿದ್ದಾಯ್ತು. ಅವರೇ ಸ್ಯಾಂಪಲ್ ಓಕೆ ಮಾಡಿದಾರೆ. ಅವರ ಕಣ್ಣಿಗೇ ಬಿದ್ದಿಲ್ಲ ಅಂದ್ಮೇಲೆ ಯಾರ ಕಣ್ಣಿಗೆ ಬೀಳುತ್ತೆ? ನಡೀರಿ, ಪ್ರಿಂಟ್ ಹಾಕಿ."

"ಟೀಚರ್ ಕಣ್ಣಿಗಿ ಬೀಳ್ತದ ಸರ್. ಅದರ ಮುಂದ ಕುಂತು ಸೂಜಿಲೆ ಟಾಕಿ ಹಾಕವರು ಅವರು. ಒಂದು ಹೊದಿಕಿ ಹೊಲಿಯೋದಂದ್ರ ತಿಂಗಳುಗಟ್ಲೆ ಕಣ್ಣಿಟ್ಟು ನೋಡ್ತಾರ್ರಿ."

"ಹಡಗು ನಿಮ್ಮಪ್ಪಂದಾ, ಕಾಯೋಕೆ?"

"ನಾಕು ಬಣ್ಣ ಎರಡು ದಿನದಾಗ ಎತ್ತಿ ಕೊಡ್ತೀನಿ. ಕೊಡ್ಲಿಲ್ಲಂದ್ರ ಕೆಲಸದಿಂದ ತಗೀರಿ. ಆದ್ರ ಈ ಬಟ್ಟಿ ಮಾತ್ರ ಹೋಗಬಾರದು."

ಜಿಯಾವುಲ್ಲಾ ಮುಂದೆ ಬಂದರು. "ಕೆಂಪರಾಜ್, ಕೇಳಪ್ಪ. ಇಷ್ಟೊತ್ತಿನ ತನಕ ನಂಗೆ ಗೊತ್ತಿರ್ಲಿಲ್ಲ, ಹಾಕಿದೆ. ಗೊತ್ತಿಲ್ದೆ ಮಾಲು ಹೋದ್ರೆ ಅದು ತಪ್ಪು. ಗೊತ್ತಿದ್ದೂ ಕಳಿಸಿದ್ರೆ ಅದು ಮೋಸ. ಈ ಸ್ಕ್ರೀನಲ್ಲಿ ನಾನು ಇನ್ನೊಂದು ಮೀಟರ್ ಎಳೆಯಲ್ಲ."

ಕೆಂಪರಾಜ್ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದ. ಬೈಯಲು ಬಾಯಿ ತೆರೆದು, ಬೋಲ್ಟನ್ನು ಕೈಗೆತ್ತಿಕೊಂಡ. ಅದನ್ನು ಬಟ್ಟೆಯ ಏಣಿಯ ಪಕ್ಕಕ್ಕೆ ಹಿಡಿದು ನೋಡಿದ. ಆಮೇಲೆ ಆಫೀಸಿಗೆ ಹೋಗಿ ಫ್ಯಾಕ್ಸ್ ಬರೆಯಲು ಕೂತ. ನಮ್ಮಿಂದ ತಪ್ಪಾಗಿದೆ, ಸ್ಯಾಂಪಲ್ಲಿನಲ್ಲೂ ಇತ್ತು, ತಿದ್ದಲು ಸಮಯ ಬೇಕು ಎಂದು ಬರೆದು, ಏಣಿಯ ಎರಡು ಚಿತ್ರವನ್ನೂ ಅಕ್ಕಪಕ್ಕ ಅಂಟಿಸಿದ.

ಉತ್ತರಕ್ಕೆ ಕಾಯದೆ ಶಾಂಭವಿ ಹೊಸ ಬಟರ್ ಪೇಪರು ಹಾಸಿಕೊಂಡಳು. ಈ ಸಲ ಮೂಲೆಯಲ್ಲಿ ಮೊದಲು ಒಂದು ಬಾಣ ಬರೆದು, 'ಬಲ' ಎಂದು ಕನ್ನಡದಲ್ಲಿ ಗುರುತು ಹಾಕಿದಳು. ಒಂದೊಂದು ಮೆಟ್ಟಿಲಿಗೂ ಮೂಲಚಿತ್ರವನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೂರರ ಹೊತ್ತಿಗೆ ಜಿಯಾವುಲ್ಲಾ ಒಂದು ಲೋಟ ಚಹಾ ತಂದು ಅವಳ ಮಸಿಯಿಂದ ದೂರಕ್ಕೆ ಇಟ್ಟರು.

"ಆ ಪುಸ್ತಕದ ಮೇಡಂ ಯಾರು ಅಂದೆ?"

"ಫಹ್ಮಿದಾ ಅಂತ ರೀ. ಅವರ ಚಾರ್ಟೂ ತಪ್ಪಿತ್ತು."

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಾವೊಬ್ಬರೇ ಅಲ್ಲ."

ಮರುದಿನ ಬೆಳಿಗ್ಗೆ ಫ್ಯಾಕ್ಸ್ ಬಂದಿತ್ತು. ಕೆಂಪರಾಜ್ ಅದನ್ನು ಕನ್ನಡ ಮಾಡಿ ಎಲ್ಲರಿಗೂ ಓದಿದ. ಅಂಗಡಿಯಾಕೆ ತಾನೂ ಗಮನಿಸಲಿಲ್ಲ ಎಂದು ಬರೆದಿದ್ದಳು. ಈ ಬಟ್ಟೆ ಅಂಗಡಿಗೆ ಬಂದಿದ್ದರೆ ಮೊದಲ ವಾರದಲ್ಲೇ ಗಿರಾಕಿಗಳು ತನ್ನನ್ನು ಹುರಿದು ಮುಕ್ಕುತ್ತಿದ್ದರಂತೆ. ಉಳಿದ ಮೂರು ಡಿಸೈನನ್ನು ಈ ಹಡಗಿಗೆ ಹಾಕಿ, ಡಿಎನ್ಎಯನ್ನು ಮುಂದಿನದಕ್ಕೆ ಕಳಿಸಿ ಎಂದಿದ್ದಳು. ಕೊನೆಯ ಸಾಲನ್ನು ಕೆಂಪರಾಜ್ ಎರಡು ಸಲ ಓದಿದ: ತಪ್ಪು ಕಂಡುಹಿಡಿದವರು ಯಾರೋ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

"ತಪ್ಪು ಮಾಡಿದವರಿಗಿ ಅಂತ ಬರದಿಲ್ಲ?" ಎಂದು ಕೇಳಿದಳು ಶಾಂಭವಿ.

"ಯಾರು ಮಾಡಿದ್ದು ಅಂತ ನಾನು ಬರ್ದಿರ್ಲಿಲ್ಲ," ಎಂದ ಕೆಂಪರಾಜ್.

ಹೇಳಿದ ಮಾತಿನಂತೆ ಎರಡನೇ ದಿನ ಸಂಜೆ ಐದಕ್ಕೆ ನಾಲ್ಕು ಹಾಳೆಗಳನ್ನೂ ಮಾಸ್ತರರ ಕೈಗೆ ಕೊಟ್ಟಳು. ಮೊದಲ ಮೀಟರ್ ಮೇಜಿನಿಂದ ಎದ್ದಾಗ ಜಿಯಾವುಲ್ಲಾ ಅವಳನ್ನು ಕರೆಸಿ, ತಮ್ಮ ಬಣ್ಣ ಮೆತ್ತಿದ ಬಲಗೈಯ ಹೆಬ್ಬೆರಳನ್ನು ಮೇಲೆ ಮಾಡಿ ತಾವೇ ಪರೀಕ್ಷಿಸಿದರು. "ಸೀದಾ," ಎಂದರು.

ಕೆಟ್ಟ ನಾನೂರು ಮೀಟರನ್ನು ಕೆಂಪರಾಜ್ ಶೆಡ್ಡಿನವರಿಗೆ ಹಂಚಿಬಿಟ್ಟ. ಶಾಂಭವಿಯ ಪಾಲು ಮರ್ಫಿ ಟೌನಿನ ವಠಾರದ ಹೆಂಗಸರ ಕೈಸೇರಿತು. ಹಳೇ ಸೀರೆಗಳ ಮೇಲೆ ಆ ನೀಲಿ ಚೌಕಗಳನ್ನಿಟ್ಟು ಅವರು ಕೌದಿ ಹೊಲಿದರು. ಪಕ್ಕದ ಕೋಣೆಯ ಸುಭದ್ರಮ್ಮ, "ಇದೇನವ್ವಾ, ಯಾರದೋ ಜಡಿ ಹೆಣದಂಗದ," ಎಂದಳು. ಶಾಂಭವಿ ಅದೇನೆಂದು ವಿವರಿಸಿದಳು, ಯಾವ ಕಡೆ ತಿರುಗಬೇಕಿತ್ತು ಎಂಬುದನ್ನೂ ಸೇರಿಸಿ. ಸುಭದ್ರಮ್ಮ ಸೂಜಿ ನಿಲ್ಲಿಸದೆ ಕೇಳಿ, "ಹೊದ್ದಕೊಂಡ್ರ ಬೆಚ್ಚಗ ಇರ್ತದ ಇಲ್ಲ?" ಎಂದಳು.

ಎರಡು ಮೀಟರನ್ನು ಶಾಂಭವಿ ಬೆನ್ಸನ್ ಟೌನಿಗೆ ಒಯ್ದಳು. ಒಂದು ಕೆಟ್ಟದ್ದು, ಒಂದು ಸರಿಯಾದ್ದು. ಫಹ್ಮಿದಾ ಹಳೇ ಚಾರ್ಟನ್ನು ಇಳಿಸಿ, ಎರಡನ್ನೂ ಗೋಡೆಗೆ ತೂಗುಹಾಕಿದರು. ತಪ್ಪು ಯಾವುದು ಹೇಳಿ ಎಂದು ಹುಡುಗಿಯರನ್ನು ಕೇಳುತ್ತೇನೆ ಎಂದರು.

"ಬಿಎಸ್ಸಿ ಯಾಕೆ ಮಾಡ್ಲಿಲ್ಲ ನೀವು?"

"ಮದುವಿ ಆತು ಮೇಡಂ."

"ಆಯ್ತಲ್ಲ, ಮುಗೀತಲ್ಲ. ಈಗೇನು ಅಡ್ಡಿ?"

ಅಲ್ಲಿಂದ ಮುಂದೆ ಶನಿವಾರ ಮಧ್ಯಾಹ್ನ ಅರ್ಧ ದಿನದ ರಜೆ ಸಿಕ್ಕಾಗಲೆಲ್ಲ ಶಾಂಭವಿ ಆ ಲ್ಯಾಬಿನ ಬೆಂಚಿನ ಮೇಲೆ ಕೂತು ಓದತೊಡಗಿದಳು. ದೀಪಾವಳಿಯ ಹೊತ್ತಿಗೆ ಅದೇ ಅಂಗಡಿಯಿಂದ ಹೊಸ ಚಿತ್ರಗಳು ಬಂದವು: ಎಲೆಯ ಒಳಗಿನ ಕೋಶಗಳು, ನಕ್ಷತ್ರಪುಂಜಗಳು, ಜೇನುಹುಳದ ರೆಕ್ಕೆ. ಕೆಂಪರಾಜ್ ಕವರನ್ನು ಒಡೆಯದೆಯೇ ತಂದು ಅವಳ ಮೇಜಿನ ಮೇಲಿಟ್ಟ.

"ನೀನು ನೋಡಿ ಸರಿ ಅಂದ್ಮೇಲೇನೇ ಸ್ಯಾಂಪಲ್ಲು. ಎಷ್ಟು ದಿನ ಬೇಕು?"

ಶಾಂಭವಿ ಕವರು ಒಡೆದು, ಜೇನುಹುಳದ ಚಿತ್ರವನ್ನು ಬೆಳಕಿಗೆ ಹಿಡಿದು ರೆಕ್ಕೆಯ ನರಗಳನ್ನು ಎಣಿಸತೊಡಗಿದಳು. "ಶನಿವಾರ ತನಕ ಕೊಡ್ರಿ ಸರ್," ಎಂದಳು, ಎಣಿಕೆ ತಪ್ಪದಂತೆ ಬೆರಳನ್ನು ಅಲ್ಲೇ ಇಟ್ಟುಕೊಂಡು.